ಸಿಧ್ಮವೂ ಸಿಬ್ಬೂ: ಚರ್ಮವಾಸಿಯಾದ ಯೀಸ್ಟಿನಿಂದ ಉರಿಯೂತವುಂಟಾಗುವ ಬಗೆ

ಕೃಷ್ಣಾ ಭೀಮಾ ನದಿಗಳ ನೀರುಂಡು ಬೆಳೆಯುವ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯು ಕರ್ಣಾಟಕದ ಬಿಸಿಲುನಾಡುಗಳಲ್ಲೊಂದು. ಬೇಸಗೆಯಲ್ಲಿ ಇಲ್ಲಿಯ ಕಾವು ೪೦ ಡಿಗ್ರಿಯನ್ನು ದಾಟುವುದು ಅಪರೂಪವಲ್ಲ. ಮಳೆ ಬಿದ್ದ ಮೇಲೆ ಕಾವಿನೊಡನೆ ತೇವವೂ ಸೇರಿಕೊಳ್ಳುವುದು. ಅಬ್ಬೆತುಮಕೂರಿನಂಥ ಊರುಗಳಲ್ಲಿ ಹೊಲದ ಕೆಲಸಕ್ಕೆ ಹೋಗುವವರ ಬೆನ್ನಿನ ಬೆವರು ಆರುವುದಕ್ಕೆ ಅವಕಾಶವೇ ಸಾಲದು. ಇಂಥ ಹವೆಯಲ್ಲಿ ಹರೆಯದವರ ಎದೆ, ಬೆನ್ನು, ಕೊರಳು, ತೋಳುಗಳ ಮೇಲೆ ನಸುಬಿಳುಪಾದ ಅಥವಾ ಕಂದುಬಣ್ಣದ ಮಚ್ಚೆಗಳು ತಲೆದೋರಿ, ಒಂದರೊಡನೊಂದು ಕೂಡಿಕೊಂಡು ಹರಡುವುದುಂಟು. ಇದಕ್ಕೆ ಕನ್ನಡದಲ್ಲಿ ಸಿಬ್ಬು ಎಂದು ಹೆಸರು. ಚಿಬ್ಬು ಎಂಬ ರೂಪವೂ ಬಳಕೆಯಲ್ಲಿದೆ. ತಲೆಯ ಚರ್ಮದಿಂದ ಬಿಳಿಯ ಪುಡಿಯಾಗಿ ಉದುರುವುದು ಹೊಟ್ಟು. ಕೆಂಪಾಗಿ, ಬಿಡದೆ ತುರಿಸಿ, ಕೆಲವು ಸಲ ಒಸರುವ ಗಾಯವಾಗಿ ಪರಿಣಮಿಸುವುದು ಇಸುಬು. ಲೋಕವು ಇವನ್ನು ಮೂರು ಬೇರೆ ಬೇರೆ ಬಾಧೆಗಳೆಂದೇ ಬಗೆಯುವುದು, ಬಗೆಯುವುದು ತಪ್ಪೂ ಅಲ್ಲ. ಆದರೆ ಮೊದಲಿನ ಎರಡರಲ್ಲಿ ಮುಖ್ಯವಾಗಿಯೂ, ಮೂರನೆಯದರ ಕೆಲವು ಪ್ರಕಾರಗಳಲ್ಲಿ ಸಹಕಾರಿಯಾಗಿಯೂ, ಒಂದೇ ಕುಲದ ಸೂಕ್ಷ್ಮಜೀವಿಯ ಕೈವಾಡವಿದೆಯೆಂದು ಈಗ ತಿಳಿದುಬಂದಿದೆ. ಒಂದೇ ಜೀವಿಯು ಒಬ್ಬನಲ್ಲಿ ಬಣ್ಣವನ್ನು ಮಾತ್ರ ಕೆಡಿಸಿ, ಇನ್ನೊಬ್ಬನಲ್ಲಿ ಹೊಟ್ಟೆಬ್ಬಿಸಿ, ಮತ್ತೊಬ್ಬನಲ್ಲಿ ಉರಿಯನ್ನೇ ಹಚ್ಚುವುದು ಹೇಗೆ? ಈ ಪ್ರಶ್ನೆಯು ಕೇವಲ ವೈದ್ಯರದಲ್ಲ. ಹಳೆಯ ಗ್ರಂಥಗಳ ರೋಗವಾಚಕ ಶಬ್ದಗಳಿಗೆ ಅರ್ಥ ಹೇಳಬೇಕಾದವರಿಗೂ ಇದರೊಡನೆ ಸಂಬಂಧವುಂಟು.

ಸಂಸ್ಕೃತದ ಸಿಧ್ಮವೆಂಬ ಶಬ್ದಕ್ಕೂ ಕನ್ನಡದ ಸಿಬ್ಬಿಗೂ ಇರುವ ನಂಟು ಕಿವಿಗೇ ಗೋಚರವಾಗುವಂತಿದೆ; ಅರ್ಥವೂ ಅದರೊಡನೆ ಕೂಡಿಬರುತ್ತದೆ. ಚರಕಸಂಹಿತೆಯಲ್ಲಿ ಕುಷ್ಠಗಳನ್ನು ಹದಿನೆಂಟೆಂದೆಣಿಸಿ, ಅವುಗಳಲ್ಲಿ ಏಳನ್ನು ಮಹಾಕುಷ್ಠಗಳೆಂದೂ ಹನ್ನೊಂದನ್ನು ಕ್ಷುದ್ರಕುಷ್ಠಗಳೆಂದೂ ವಿಭಾಗಿಸಿದೆ. ಸಿಧ್ಮದ ಲಕ್ಷಣವನ್ನು ಅಲ್ಲಿ ಹೇಳಿರುವುದು ಹೀಗೆ: ಬಣ್ಣ ಬಿಳುಪು ಅಥವಾ ತಾಮ್ರದಂತೆ, ತೆಳುವಾದುದು, ಉಜ್ಜಿದರೆ ಧೂಳು ಉದುರುವುದು, ಸೋರೆಯ ಹೂವನ್ನು ಹೋಲುವುದು, ಪ್ರಾಯಶಃ ಎದೆಯ ಮೇಲೆ ಕಾಣುವುದು. ಸುಶ್ರುತನೂ ಇದು ತುರಿಕೆಯುಳ್ಳದ್ದು, ಬಿಳಿಯದು, ತೆಳುವಾದುದು, ಹೆಚ್ಚು ಕೇಡು ಮಾಡದುದು, ಸಾಮಾನ್ಯವಾಗಿ ದೇಹದ ಮೇಲ್ಭಾಗದಲ್ಲಿ ಹುಟ್ಟುವಂಥದು ಎನ್ನುತ್ತಾನೆ. ಇಂದಿನ ಚರ್ಮವೈದ್ಯನು ಸಿಬ್ಬನ್ನು ಗುರುತಿಸುವಾಗ ಮಚ್ಚೆಯನ್ನು ಉಗುರಿನಿಂದಲೋ ಗಾಜಿನ ಅಂಚಿನಿಂದಲೋ ಮೆಲ್ಲನೆ ಕೆರೆದು ಪುಡಿ ಏಳುವುದೇ ಎಂದು ನೋಡುತ್ತಾನೆ. ಚರಕನ ಲಕ್ಷಣವಾಕ್ಯದಲ್ಲಿರುವ ಪರೀಕ್ಷೆಯೂ ಅದೇ. ಮಚ್ಚೆಯು ಬಿಳಿಯದಾಗಿಯೂ ಕೆಂಗಂದಾಗಿಯೂ ಇರಬಹುದೆಂಬ ಮಾತು ಸಹ ಪ್ರತ್ಯಕ್ಷಕ್ಕೆ ಸರಿಹೊಂದುತ್ತದೆ. ಒಂದೇ ಬಾಧೆಗೆ ಎರಡು ಬಣ್ಣಗಳಿರುವುದರಿಂದಲೇ ಪಾಶ್ಚಾತ್ಯ ವೈದ್ಯರು ಇದರ ಹೆಸರಿಗೆ ಬಣ್ಣ ಬದಲಿಸುವುದೆಂಬ ವಿಶೇಷಣವನ್ನು ಸೇರಿಸಿದ್ದಾರೆ.

ಇಬ್ಬರು ಆಚಾರ್ಯರಲ್ಲಿ ಒಂದು ಮತಭೇದವಿರುವುದು ಗಮನಾರ್ಹವಾಗಿದೆ. ಚರಕನು ಸಿಧ್ಮವನ್ನು ಮಹಾಕುಷ್ಠಗಳಲ್ಲಿಯೂ ದದ್ರುವನ್ನು ಕ್ಷುದ್ರಕುಷ್ಠಗಳಲ್ಲಿಯೂ ಎಣಿಸಿದರೆ, ಸುಶ್ರುತನು ದದ್ರುವನ್ನು ಮೇಲಕ್ಕೇರಿಸಿ ಸಿಧ್ಮವನ್ನು ಕ್ಷುದ್ರಗಳ ಸಾಲಿಗೆ ಇಳಿಸುತ್ತಾನೆ. ಸಿಬ್ಬಿನ ಸ್ವಭಾವವನ್ನು ನೋಡಿದವರು ಸುಶ್ರುತನ ಪಕ್ಷವನ್ನೇ ಹಿಡಿಯಬೇಕಾಗುವುದು. ತಲೆಯ ಹೊಟ್ಟನ್ನಾದರೋ ಅವನು ಕುಷ್ಠಗಳಲ್ಲಿ ಸೇರಿಸದೆ ಕ್ಷುದ್ರರೋಗಗಳ ಪ್ರಕರಣದಲ್ಲಿ ದಾರುಣಕವೆಂಬ ಹೆಸರಿನಿಂದ ಹೇಳಿದ್ದಾನೆ. ಕೂದಲು ಬೆಳೆಯುವ ನೆಲವು ಗಡುಸಾಗಿ, ತುರಿಸಿ, ಒಣಗಿ ಬಿರಿಯುವುದೇ ಅದರ ಲಕ್ಷಣ. ಸಿಧ್ಮಕ್ಕೂ ದಾರುಣಕಕ್ಕೂ ಮೂಲವೊಂದೇ ಇರಬಹುದೆಂಬ ಸೂಚನೆ ಅಲ್ಲಿಲ್ಲ. ಇರಬೇಕೆಂದು ಅಪೇಕ್ಷಿಸುವುದೂ ನ್ಯಾಯವಲ್ಲ. ಪ್ರಾಚೀನರು ಕಣ್ಣಿಗೆ ಕಂಡುದನ್ನು ಅಚ್ಚುಕಟ್ಟಾಗಿ ಬರೆದಿಟ್ಟರು. ಕಣ್ಣಿಗೆ ಕಾಣದುದನ್ನೂ ಅವರು ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಅಭಿಮಾನದ ಮಾತೇ ಹೊರತು ವಿಮರ್ಶೆಯ ಮಾತಲ್ಲ.

ಕಾಣದುದನ್ನು ಕಾಣಿಸಿದುದು ಸೂಕ್ಷ್ಮದರ್ಶಕ ಯಂತ್ರ. ೧೮೪೬ರಲ್ಲಿ ಜರ್ಮನಿಯ ಐಖ್‌ಸ್ಟೆಟ್ ಎಂಬ ವೈದ್ಯನು ಸಿಬ್ಬಿನ ಪುಡಿಯಲ್ಲಿ ಶಿಲೀಂಧ್ರವೊಂದು ಇರುವುದನ್ನು ಗುರುತಿಸಿದನು. ೧೮೫೩ರಲ್ಲಿ ಫ್ರಾನ್ಸಿನ ರೋಬಿನ್ ಅದಕ್ಕೆ ಹೆಸರಿಡುವಾಗ ಫರ್‌ಫರ್ ಎಂಬ ಲ್ಯಾಟಿನ್ ಶಬ್ದವನ್ನು ಬಳಸಿದನು. ೧೮೭೪ರಲ್ಲಿ ಮಲಸೇ ಎಂಬಾತನು ತಲೆಯ ಹೊಟ್ಟಿನಲ್ಲಿ ಮೊಗ್ಗೊಡೆಯುವ ದುಂಡುಕೋಶಗಳನ್ನು ಕಂಡು ವರ್ಣಿಸಿದನು. ಇವನ ಗೌರವಾರ್ಥವಾಗಿ ೧೮೮೯ರಲ್ಲಿ ಬೈಯೋ ಎಂಬ ಸಸ್ಯಶಾಸ್ತ್ರಜ್ಞನು ಈ ಕುಲಕ್ಕೆ ಮಲಸೇಜಿಯ ಎಂದು ನಾಮಕರಣ ಮಾಡಿದನು. ಆದರೆ ದಾರದಂತೆ ಎಳೆಬಿಟ್ಟು ಬೆಳೆಯುವ ರೂಪವೊಂದು, ಮೊಗ್ಗೊಡೆಯುವ ಕಾಳಿನ ರೂಪವೊಂದು ಹೀಗೆ ಎರಡು ವೇಷಗಳಿದ್ದುದರಿಂದ, ಎರಡೂ ಬೇರೆ ಜೀವಿಗಳೆಂಬ ಭ್ರಮೆಯುಂಟಾಗಿ, ಕಾಳಿನ ರೂಪಕ್ಕೆ ಪಿಟಿರೋಸ್ಪೋರಮ್ ಎಂಬ ಇನ್ನೊಂದು ಹೆಸರು ಬಹುಕಾಲ ನಡೆಯಿತು. ಫರ್‌ಫರ್ ಎಂದರೆ ಲ್ಯಾಟಿನಿನಲ್ಲಿ ತೌಡು. ಪಿಟಿರಾನ್ ಎಂದರೆ ಗ್ರೀಕಿನಲ್ಲಿ ತೌಡು. ಕನ್ನಡದ ರೈತನು ಅದನ್ನೇ ಹೊಟ್ಟು ಎಂದನು. ಮೂರು ಭಾಷೆಗಳವರೂ ಒಬ್ಬರನ್ನೊಬ್ಬರು ಕೇಳದೆ ಕಣದಿಂದಲೇ ಉಪಮಾನವನ್ನು ತಂದಿರುವುದು ಸೊಗಸಾಗಿದೆ.

ಈ ಚರಿತ್ರೆಯಲ್ಲಿ ಭಾರತೀಯನೊಬ್ಬನ ಪಾಲೂ ಉಂಟು. ಕಲಕತ್ತೆಯ ಉಷ್ಣವಲಯ ವೈದ್ಯಶಾಲೆಯ ಪಾಂಜಾ ಎಂಬ ವಿದ್ವಾಂಸರು ೧೯೨೭ರಲ್ಲಿ, ಅದುವರೆಗೆ ದೇಹದ ಹೊರಗೆ ಬೆಳೆಯಲು ಒಲ್ಲೆನೆನ್ನುತ್ತಿದ್ದ ಈ ಜೀವಿಯನ್ನು ಬೆಳೆಸಿದ ವಿಷಯವನ್ನು ಪ್ರಕಟಿಸಿ, ಪಿಟಿರೋಸ್ಪೋರಮನ್ನು ಮಲಸೇಜಿಯ ಕುಲದಲ್ಲಿಯೇ ಸೇರಿಸಬೇಕೆಂದು ವಾದಿಸಿದರು. ಆ ಮತವು ಎಲ್ಲರಿಗೂ ಸಮ್ಮತವಾಗಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ೧೯೮೬ರಲ್ಲಿ ಎರಡು ಹೆಸರುಗಳೂ ಒಂದಾದವು. ೧೯೯೬ರಲ್ಲಿ ಏಳು ಜಾತಿಗಳನ್ನು ಎಣಿಸಿದ್ದರು. ಈಗ ಹದಿನೆಂಟಕ್ಕೆ ಕಡಿಮೆಯಿಲ್ಲ. ಚಂಡೀಗಢದ ಸ್ನಾತಕೋತ್ತರ ವೈದ್ಯಸಂಸ್ಥೆಯವರು ಭಾರತೀಯರ ಚರ್ಮದಿಂದಲೇ ಬೇರ್ಪಡಿಸಿದ ಹೊಸ ಜಾತಿಯೊಂದನ್ನು ೨೦೧೬ರಲ್ಲಿ ವರ್ಣಿಸಿ, ಅದಕ್ಕೆ ಅರುಣಾಲೋಕೈ ಎಂದು ಹೆಸರಿಟ್ಟಿದ್ದಾರೆ. ಅದು ರೋಗಿಗಳಲ್ಲಿಯೂ ದೊರೆಯಿತು, ಆರೋಗ್ಯವಂತರಲ್ಲಿಯೂ ದೊರೆಯಿತು. ಈ ಎರಡನೆಯ ಸಂಗತಿಯಲ್ಲಿಯೇ ಪ್ರಕೃತ ವಿಷಯದ ತಿರುಳೆಲ್ಲ ಅಡಗಿದೆ.

ಏಕೆಂದರೆ ಮಲಸೇಜಿಯವು ಹೊರಗಿನಿಂದ ದಾಳಿಯಿಡುವ ಶತ್ರುವಲ್ಲ. ಹುಟ್ಟಿದ ಕೆಲವೇ ವಾರಗಳಲ್ಲಿ ಮಗುವಿನ ಮೈಮೇಲೆ ನೆಲಸಿ, ಹರೆಯದಲ್ಲಿ ಜಿಡ್ಡಿನ ಗ್ರಂಥಿಗಳು ಚುರುಕಾದಾಗ ಹೇರಳವಾಗಿ ಹೆಚ್ಚಿ, ಮನುಷ್ಯನ ಜೀವಮಾನವೆಲ್ಲ ಅವನೊಡನೆ ವಾಸಿಸುವ ಒಕ್ಕಲು ಅದು. ಆದುದರಿಂದ ಚರ್ಮದಲ್ಲಿ ಯೀಸ್ಟು ಸಿಕ್ಕಿತೆಂಬುದಿಷ್ಟರಿಂದಲೇ ರೋಗಕಾರಣ ಸಿಕ್ಕಿತೆಂದು ಹೇಳಲಾಗದು. ಎಣ್ಣೆಯ ಅಂಶವಿಲ್ಲದೆ ಅದಕ್ಕೆ ಬದುಕಿಲ್ಲ. ಪ್ರಯೋಗಶಾಲೆಯಲ್ಲಿ ಬೆಳೆಸುವವರು ಅದರ ಆಹಾರದ ಮೇಲೆ ಆಲಿವ್ ಎಣ್ಣೆಯನ್ನು ಹೊಯ್ಯುವ ಪದ್ಧತಿಯಿದೆ. ಇದರ ಕಾರಣವು ೨೦೦೭ರಲ್ಲಿ ಅದರ ವಂಶಲಿಪಿಯನ್ನು ಪೂರ್ತಿಯಾಗಿ ಓದಿದಾಗ ಸ್ಪಷ್ಟವಾಯಿತು. ಕೊಬ್ಬಿನ ಆಮ್ಲಗಳನ್ನು ತಾನೇ ತಯಾರಿಸಿಕೊಳ್ಳಲು ಬೇಕಾದ ಮುಖ್ಯ ಸಾಧನವೇ ಅದರಲ್ಲಿಲ್ಲ. ಪರರ ಕೊಬ್ಬನ್ನು ಒಡೆದು ತಿನ್ನುವ ಲೈಪೇಸ್ ಎಂಬ ಕಿಣ್ವಗಳಾದರೋ ಬೇಕಾದಷ್ಟಿವೆ. (ಕಿಣ್ವವೆಂಬ ಹಳೆಯ ಶಬ್ದಕ್ಕೆ ಮದ್ಯವನ್ನು ಹುದುಗೆಬ್ಬಿಸುವ ದ್ರವ್ಯವೆಂದು ಅರ್ಥ. ಕೌಟಿಲ್ಯನ ಸುರಾಧ್ಯಕ್ಷನಿಗೆ ಅದು ಚೆನ್ನಾಗಿ ಪರಿಚಿತ. ಇಂದಿನ ಕನ್ನಡ ವಿಜ್ಞಾನವು ಅದೇ ಶಬ್ದವನ್ನು ಯೀಸ್ಟಿನೊಳಗೂ ಇತರ ಜೀವಿಗಳೊಳಗೂ ಇದ್ದು ಕೆಲಸ ಮಾಡುವ ಪದಾರ್ಥಕ್ಕೆ ಕೊಟ್ಟಿದೆ.)

ಉರಿಯೂತದ ಮೊದಲ ಹೆಜ್ಜೆ ಈ ಊಟದಿಂದಲೇ ಹುಟ್ಟುವುದು. ಚರ್ಮದ ಹೊರಪದರವು ಸತ್ತ ಕೋಶಗಳನ್ನು ಕೊಬ್ಬಿನ ಗಾರೆಯಿಂದ ಕಟ್ಟಿದ ಗೋಡೆಯಂತಿದೆ. ಮಲಸೇಜಿಯವು ಜಿಡ್ಡನ್ನು ಒಡೆದು ತನಗೆ ಬೇಕಾದ ಪರ್ಯಾಪ್ತ ಆಮ್ಲಗಳನ್ನು ಹೀರಿಕೊಂಡು, ಬೇಡವಾದ ಅಪರ್ಯಾಪ್ತ ಆಮ್ಲಗಳನ್ನು ಅಲ್ಲಿಯೇ ಬಿಡುತ್ತದೆ. ಹಾಗೆ ಉಳಿದ ಓಲೇಯಿಕ್ ಆಮ್ಲವು ಗೋಡೆಯ ಗಾರೆಯೊಳಕ್ಕೆ ಇಳಿದು ಅದನ್ನು ಸಡಿಲಿಸುವುದು. ೨೦೦೫ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಇಲ್ಲಿ ಬಹಳ ಬೆಲೆಯುಳ್ಳದ್ದು. ತಲೆಯಲ್ಲಿನ ಯೀಸ್ಟನ್ನು ಔಷಧದಿಂದ ತಗ್ಗಿಸಿದ ಮೇಲೆ ಓಲೇಯಿಕ್ ಆಮ್ಲವನ್ನು ಮಾತ್ರ ಸವರಿ ನೋಡಿದರು. ಹೊಟ್ಟಿನ ಪ್ರಕೃತಿಯುಳ್ಳವರಲ್ಲಿ ಹೊಟ್ಟು ಮತ್ತೆ ಎದ್ದಿತು. ಆ ಪ್ರಕೃತಿಯಿಲ್ಲದವರ ತಲೆಗೆ ಅದೇ ಆಮ್ಲ ಏನನ್ನೂ ಮಾಡಲಿಲ್ಲ. ಜಿಡ್ಡು ಬೇಕು, ಯೀಸ್ಟು ಬೇಕು, ಅವೆರಡೂ ಸಾಲದೆ ಬಿರುಕಿಗೆ ಎಡೆಗೊಡುವ ಗೋಡೆಯೂ ಬೇಕು. ಒಂದೇ ಮನೆಯಲ್ಲಿ ಒಂದೇ ಎಣ್ಣೆ ಹಚ್ಚಿಕೊಂಡು ಬೆಳೆದ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಹೊಟ್ಟಿದ್ದು ಇನ್ನೊಬ್ಬನಿಗೆ ಇಲ್ಲದಿರುವುದರ ರಹಸ್ಯ ಇದು.

ಗೋಡೆ ಸಡಿಲಿದ ಮೇಲೆ ಎರಡನೆಯ ಹೆಜ್ಜೆ. ಹೊರಚರ್ಮದ ಜೀವಕೋಶಗಳು ನೊಂದಾಗ ಸುತ್ತಲಿನವಕ್ಕೆ ಎಚ್ಚರಿಕೆ ಕೊಡುವ ಪದಾರ್ಥಗಳನ್ನು ಸ್ರವಿಸುತ್ತವೆ. ಇತ್ತ, ದೇಹವನ್ನು ಕಾಯುವ ಕೋಶಗಳ ಮೈಮೇಲೆ ಅನ್ಯಜೀವಿಗಳ ಗುರುತು ಹಿಡಿಯುವ ಗ್ರಾಹಕಗಳಿವೆ. ಅವುಗಳಲ್ಲಿ ಮಿಂಕಲ್ ಎಂಬುದು ಮಲಸೇಜಿಯದ ಕೊಬ್ಬು ಬೆರೆತ ಸಕ್ಕರೆಗಳನ್ನೂ, ಡೆಕ್ಟಿನ್-೨ ಎಂಬುದು ಅದರ ಮ್ಯಾನೋಸ್ ಸಕ್ಕರೆ ಹೊತ್ತ ಪ್ರೋಟೀನನ್ನೂ ಹಿಡಿಯುವುದೆಂದು ಜಪಾನಿನ ಸಂಶೋಧಕರು ೨೦೦೯ ಮತ್ತು ೨೦೧೩ರಲ್ಲಿ ತೋರಿಸಿದರು. ಗುರುತು ಸಿಕ್ಕಿದೊಡನೆ ಸಂದೇಶವು ಕೋಶದ ಒಳಕ್ಕೆ ಮುಟ್ಟಿ, ಟಿ ಕೋಶಗಳೆಂಬ ರಕ್ಷಕರನ್ನು ಕರೆಯುವ ದ್ರವ್ಯಗಳು ಹೊರಡುತ್ತವೆ. ಹೀಗೆ ಕರೆಯಲ್ಪಟ್ಟ ಟಿ ಕೋಶಗಳಲ್ಲಿ ಒಂದು ವರ್ಗವು ಇಂಟರ್‌ಲ್ಯೂಕಿನ್-೧೭ ಎಂಬ ದೂತದ್ರವ್ಯವನ್ನು ಬಿಡುವುದು. ಅದರ ಅಪ್ಪಣೆಯಿಂದ ಬಿಳಿಯ ರಕ್ತಕಣಗಳು ಆ ಸ್ಥಳಕ್ಕೆ ಧಾವಿಸುವುವು. ಹೊರಚರ್ಮದ ಕೋಶಗಳು ಸೂಕ್ಷ್ಮಜೀವಿಗಳನ್ನು ಕೊಲ್ಲುವ ಸಣ್ಣ ಪ್ರೋಟೀನುಗಳನ್ನು ತಯಾರಿಸುವುವು. ಕೆಂಪು, ಬಿಸಿ, ಬಾವು, ತುರಿಕೆ ಎಂದು ರೋಗಿಗೆ ಅನುಭವವಾಗುವುದು ಈ ಕೋಲಾಹಲವೇ.

ಇದು ರಕ್ಷಣೆಯೋ ಪೀಡೆಯೋ ಎಂಬುದಕ್ಕೆ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಸಂಶೋಧಕರು ೨೦೧೯ರಲ್ಲಿ ಉತ್ತರ ಕೊಟ್ಟರು. ಇಂಟರ್‌ಲ್ಯೂಕಿನ್-೧೭ರ ಮಾರ್ಗವು ಕೆಟ್ಟಿರುವ ಇಲಿಗಳ ಚರ್ಮದ ಮೇಲೆ ಮಲಸೇಜಿಯವನ್ನು ಇಟ್ಟಾಗ ಅದು ಮಿತಿಮೀರಿ ಬೆಳೆಯಿತು. ಎಂದರೆ ಒಕ್ಕಲನ್ನು ಹದ್ದಿನಲ್ಲಿಡುವುದೇ ಆ ದ್ರವ್ಯದ ಕೆಲಸ. ಆದರೆ ಹೊರಪದರವನ್ನು ಮೊದಲೇ ಕೆಡಿಸಿದ ಚರ್ಮದ ಮೇಲೆ ಅದೇ ಯೀಸ್ಟನ್ನು ಇಟ್ಟಾಗ, ಅದೇ ಮಾರ್ಗವು ಉರಿಯೂತವನ್ನು ಹೆಚ್ಚಿಸಿತು. ಕಾಯುವ ಕೈಯೇ ಹೊಡೆಯುವ ಕೈಯಾಯಿತು. ವ್ಯತ್ಯಾಸವೆಲ್ಲ ಗೋಡೆಯ ಸ್ಥಿತಿಯಲ್ಲಿದೆ. ಮನುಷ್ಯರ ರಕ್ತದಲ್ಲಿಯೂ ಮಲಸೇಜಿಯವನ್ನು ನೆನಪಿಟ್ಟುಕೊಂಡಿರುವ ಈ ವರ್ಗದ ಟಿ ಕೋಶಗಳು ಆರೋಗ್ಯವಂತರಲ್ಲಿಯೇ ಇರುವುದನ್ನೂ, ಹುಟ್ಟುಪ್ರಕೃತಿಯ ಇಸುಬುಳ್ಳವರಲ್ಲಿ ಅವುಗಳ ಪ್ರತಿಕ್ರಿಯೆ ಹೆಚ್ಚಾಗಿರುವುದನ್ನೂ ಅವರು ಕಂಡರು.

ಹುಟ್ಟುಪ್ರಕೃತಿಯ ಇಸುಬಿನಲ್ಲಿ ಇನ್ನೊಂದು ತೊಡಕೂ ಇದೆ. ಈ ರೋಗಿಗಳ ಹೊರಪದರವು ಮೊದಲೇ ದುರ್ಬಲ. ತಲೆ, ಮುಖ, ಕೊರಳುಗಳಲ್ಲಿ ಇಸುಬಿರುವ ಅನೇಕ ವಯಸ್ಕರ ರಕ್ತದಲ್ಲಿ ಮಲಸೇಜಿಯಕ್ಕೆ ವಿರುದ್ಧವಾದ ಐ.ಜಿ.ಇ. ಎಂಬ ಒಗ್ಗದಿಕೆಯ ಪ್ರತಿಕಾಯಗಳು ದೊರೆಯುತ್ತವೆ. ಯೀಸ್ಟಿನ ಕೆಲವು ಪ್ರೋಟೀನುಗಳು ಮನುಷ್ಯನ ದೇಹದಲ್ಲಿಯೇ ಇರುವ ಪ್ರೋಟೀನುಗಳನ್ನು ಬಲುಮಟ್ಟಿಗೆ ಹೋಲುವುದರಿಂದ, ಒಮ್ಮೆ ಯೀಸ್ಟಿನ ಮೇಲೆ ಕೆರಳಿದ ಟಿ ಕೋಶವು ಆಮೇಲೆ ಸ್ವಂತ ದೇಹದ ಮೇಲೆಯೇ ತಿರುಗಿಬೀಳುವ ಸಂಭವವುಂಟು. ಇಸುಬುಗಳೆಲ್ಲಕ್ಕೂ ಯೀಸ್ಟೇ ಮೂಲವೆಂದು ಇದರಿಂದ ತಿಳಿಯಕೂಡದು. ಶಿಲೀಂಧ್ರನಾಶಕ ಔಷಧಗಳಿಂದ ಇಂಥ ರೋಗಿಗಳಲ್ಲಿ ಕೆಲವರಿಗೆ ಗುಣ ಕಾಣುವುದು, ಕೆಲವರಿಗೆ ಕಾಣದು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಸಿಬ್ಬಿಗೆ ಹಿಂದಿರುಗಿದರೆ ಆಶ್ಚರ್ಯಕರವಾದ ವಿರೋಧವೊಂದು ಎದುರಾಗುವುದು. ಸಿಬ್ಬಿನ ಪುಡಿಯನ್ನು ಕ್ಷಾರದ ನೀರಿನಲ್ಲಿ ನೆನೆಯಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ತುಂಡುಮಾಡಿದ ಶಾವಿಗೆಯ ನಡುವೆ ಕಾಳು ಚೆಲ್ಲಿದಂತೆ ಶಿಲೀಂಧ್ರವು ಕಿಕ್ಕಿರಿದಿರುವುದು. ಮೂರು ಬಾಧೆಗಳಲ್ಲಿ ಜೀವಿಯು ಅತ್ಯಧಿಕವಾಗಿರುವುದು ಇಲ್ಲಿಯೇ. ಉರಿಯೂತವು ಅತ್ಯಲ್ಪವಾಗಿರುವುದೂ ಇಲ್ಲಿಯೇ! ಕೆಂಪಿಲ್ಲ, ನೋವಿಲ್ಲ, ತುರಿಕೆಯಿದ್ದರೂ ಹಗುರ. ಇದಕ್ಕೆ ಕಾರಣವಾಗಿರಬಹುದಾದ ಕೆಲವು ಪದಾರ್ಥಗಳು ಪ್ರಯೋಗಶಾಲೆಯಲ್ಲಿ ಸಿಕ್ಕಿವೆ. ಮಲಸೇಜಿಯವು ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದಿಂದ ಕೆಲವು ವರ್ಣದ್ರವ್ಯಗಳನ್ನು ತಯಾರಿಸುವುದು. ಅವು ಚರ್ಮಕೋಶಗಳೊಳಗಿನ ಒಂದು ಗ್ರಾಹಕವನ್ನು ಹಿಡಿದು ರಕ್ಷಕಕೋಶಗಳ ಕೆರಳಿಕೆಯನ್ನು ತಗ್ಗಿಸಬಲ್ಲವು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ನಿನ ತಯಾರಿಕೆಯನ್ನು ತಡೆಯುವ ಅಜೆಲೇಯಿಕ್ ಆಮ್ಲವೂ ಇದರಿಂದ ಹುಟ್ಟುವುದು. ಬಿಳುಪು ಮಚ್ಚೆಗೆ ಇದೊಂದು ಕಾರಣವೆಂದು ಹೇಳುತ್ತಾರೆ. ಜಿಡ್ಡು, ಬೆವರು, ಕಾವು ಕೂಡಿದಲ್ಲಿ ಕಾಳು ಎಳೆಬಿಡುವುದು. ಶೀತದೇಶಗಳಲ್ಲಿ ನೂರಕ್ಕೆ ಒಬ್ಬರ ಸುಮಾರಿನಲ್ಲಿ ಕಾಣುವ ಈ ಬಾಧೆಯು ಉಷ್ಣವಲಯದ ಕೆಲವೆಡೆ ನೂರಕ್ಕೆ ೪೦ ಮಂದಿಯನ್ನೂ ಮುಟ್ಟಿರುವುದು ಅದಕ್ಕಾಗಿಯೇ.

ಯೀಸ್ಟಿನ ಪ್ರಮಾಣಕ್ಕೂ ಉರಿಗೂ ನೇರವಾದ ಲೆಕ್ಕವಿಲ್ಲದಿರುವುದು ವಿದ್ವಾಂಸರನ್ನೇ ಬಹುಕಾಲ ದಾರಿ ತಪ್ಪಿಸಿತು. ೧೯೭೬ರಲ್ಲಿ ಅಮೆರಿಕದ ಲೇಡನ್, ಕ್ಲಿಗ್‌ಮನ್ ಮೊದಲಾದವರು ತಲೆಯಲ್ಲಿ ಹೊಟ್ಟು ಹೆಚ್ಚಿದುದರಿಂದ ಯೀಸ್ಟು ಹೆಚ್ಚಿತೇ ಹೊರತು ಯೀಸ್ಟಿನಿಂದ ಹೊಟ್ಟಲ್ಲವೆಂದು ಪ್ರತಿಪಾದಿಸಿದರು. ೧೯೮೪ರಲ್ಲಿ ಇಂಗ್ಲೆಂಡಿನ ಶುಸ್ಟರ್ ಇದನ್ನು ಖಂಡಿಸಿದನು. ಹೊಟ್ಟನ್ನು ಗುಣಪಡಿಸುವ ಔಷಧಗಳಿಗೆ ಸಮಾನವಾದ ಗುಣ ಯಾವುದೆಂದು ನೋಡಿದರೆ ಯೀಸ್ಟನ್ನು ಕೊಲ್ಲುವುದೊಂದೇ ಎಂಬುದು ಅವನ ವಾದದ ಬಲ. ವಾದವು ಶುಸ್ಟರನ ಕಡೆಗೆ ತಿರುಗಿತೆಂದು ಹೇಳಬಹುದು. ಆದರೂ ಎದುರುಪಕ್ಷದವರ ಸಂದೇಹವು ವ್ಯರ್ಥವಾಗಲಿಲ್ಲ, ಚರ್ಮದ ಪ್ರಕೃತಿಯ ಕಡೆಗೆ ದೃಷ್ಟಿ ಹರಿಯಲು ಅದೇ ಕಾರಣವಾಯಿತು. ಏಡ್ಸ್ ಪೀಡಿತರಲ್ಲಿ ಮೂಗಿನ ಅಂಚು, ಹುಬ್ಬು, ತಲೆಗಳ ಜಿಡ್ಡುಬಾಧೆಯು ಉಳಿದವರಲ್ಲಿಗಿಂತ ಹೆಚ್ಚಾಗಿಯೂ ಉಗ್ರವಾಗಿಯೂ ಬರುವುದೆಂಬುದು ಆಮೇಲೆ ಗಮನಕ್ಕೆ ಬಂದಿತು. ರಕ್ಷಣಶಕ್ತಿ ಕುಂದಿದವನಲ್ಲಿ ಉರಿಯೂತವೂ ಕುಂದಬೇಕಷ್ಟೆ, ಹಾಗಾಗದು. ಕೆಡುವುದು ಶಕ್ತಿಯ ಮೊತ್ತಕ್ಕಿಂತ ಹೆಚ್ಚಾಗಿ ಅದರ ಹದ.

ಈಗ ಕುಷ್ಠವೆಂಬ ಶಬ್ದದ ವಿಚಾರ. ಪ್ರಾಚೀನ ವೈದ್ಯದಲ್ಲಿ ಅದು ಚರ್ಮವನ್ನು ಕೆಡಿಸುವ ಹಲವು ರೋಗಗಳ ಒಟ್ಟು ಹೆಸರು. ಕ್ರಮೇಣ ಲೋಕದ ಬಾಯಲ್ಲಿ ೧೮೭೩ರಲ್ಲಿ ಹಾನ್ಸೆನ್ ಕಂಡುಹಿಡಿದ ರೋಗಾಣುವಿನ ಬಾಧೆಯೊಂದಕ್ಕೇ ಅದು ಮೀಸಲಾಯಿತು. ಆದುದರಿಂದ ಹಳೆಯ ಕಾವ್ಯದಲ್ಲಾಗಲಿ ವೈದ್ಯಗ್ರಂಥದಲ್ಲಾಗಲಿ ಕುಷ್ಠವೆಂಬ ಮಾತು ಬಂದೊಡನೆ ಬೆರಳು ಉದುರುವ ರೋಗವನ್ನೇ ಕಲ್ಪಿಸಿ ಟೀಕೆ ಬರೆಯುವುದು ಸರಿಯಲ್ಲ. ಅದು ಸಿಬ್ಬೂ ಆಗಿದ್ದೀತು. ಪಾಠದಲ್ಲಿ ಆಗುವ ತಪ್ಪು ಅಲ್ಲಿಗೇ ಮುಗಿಯಬಹುದು, ಊರಿನಲ್ಲಿ ಆಗುವ ತಪ್ಪು ಹಾಗಲ್ಲ. ಬೆನ್ನಿನ ಮೇಲಿನ ಬಿಳಿಮಚ್ಚೆಯನ್ನು ಕಂಡವರು ಕುಷ್ಠವೆಂದೋ ತೊನ್ನೆಂದೋ ಪಿಸುಗುಟ್ಟಿದರೆ ಗೊತ್ತಾದ ಮದುವೆ ಮುರಿಯಬಹುದು. ಭಾರತದಲ್ಲಿ ಕುಷ್ಠವು ವಿವಾಹವಿಚ್ಛೇದನಕ್ಕೆ ಕಾರಣವೆಂದು ಶಾಸನದಲ್ಲಿಯೇ ಇದ್ದಿತು. ೨೦೧೯ರ ತಿದ್ದುಪಡಿಯಿಂದ ಅದನ್ನು ತೆಗೆದುಹಾಕಲಾಯಿತು. ಮೂರನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶಜ್ಞಾನವು ಕುಂದಿರುವುದು. ಸ್ಪರ್ಶವು ತಿಳಿಯದಿರುವುದನ್ನು ಚರಕನೂ ಕುಷ್ಠದ ಪೂರ್ವರೂಪಗಳಲ್ಲಿ ಹೇಳಿದ್ದಾನೆ. ತೊನ್ನಿನಲ್ಲಿ ಬಣ್ಣವು ಪೂರ್ತಿಯಾಗಿ ಹೋಗಿ ಸುಣ್ಣದಂತೆ ಬಿಳುಪಾಗುವುದು, ಪುಡಿ ಉದುರದು. ಸಿಬ್ಬಿನಲ್ಲಿ ಸ್ಪರ್ಶವೂ ಇದೆ, ಪುಡಿಯೂ ಇದೆ. ಸಂದೇಹವಿದ್ದಲ್ಲಿ ವೈದ್ಯರಿಗೆ ತೋರಿಸಲೇಬೇಕು. ಕುಷ್ಠವೇ ಆಗಿದ್ದರೂ ಈಗ ಅದು ಔಷಧದಿಂದ ಪೂರ್ತಿ ಗುಣವಾಗುವ ರೋಗ.

ಇನ್ನೊಂದು ಅಪಾಯವು ಅಂಗಡಿಯಲ್ಲಿ ಕೊಂಡ ಮುಲಾಮಿನಿಂದ ಬರುವುದು. ಸ್ಟೆರಾಯ್ಡ್ ಬೆರೆತ ಮುಲಾಮು ಮೇಲೆ ಹೇಳಿದ ದೂತದ್ರವ್ಯಗಳ ಬಾಯಿಕಟ್ಟುವುದರಿಂದ ಕೆಂಪೂ ತುರಿಕೆಯೂ ಎರಡು ದಿನಗಳಲ್ಲಿ ಅಡಗುವುವು. ಶಿಲೀಂಧ್ರವಾದರೋ ಕಾವಲಿಲ್ಲದ ಹೊಲದಲ್ಲಿ ಹಬ್ಬಿದಂತೆ ಹಬ್ಬುವುದು, ಚರ್ಮವು ತೆಳುವಾಗುವುದು. ಇಂಥ ಅನೇಕ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಭಾರತ ಸರ್ಕಾರವು ೨೦೧೮ರಲ್ಲಿ ವಿಧಿಸಿದೆ. ಉರಿಯೂತ ಪ್ರಬಲವಾಗಿರುವಾಗ ವೈದ್ಯರು ಅಲ್ಪಕಾಲ ಅದನ್ನು ಬಳಸುವುದು ಬೇರೆಯ ಮಾತು. ಸಿಬ್ಬಿಗೂ ಹೊಟ್ಟಿಗೂ ಮೂಲೋಪಾಯವಾಗಿರುವುದು ಕೀಟೊಕೊನಜೋಲ್, ಸೆಲೆನಿಯಮ್ ಸಲ್ಫೈಡ್, ಜಿಂಕ್ ಪೈರಿಥಿಯೋನ್ ಮುಂತಾದ ಯೀಸ್ಟುನಾಶಕಗಳು. ಒಕ್ಕಲನ್ನು ನಿರ್ಮೂಲ ಮಾಡಲಾಗದುದರಿಂದ ಬಾಧೆಯು ಮರಳಿ ಬರುವುದುಂಟು. ಬೇಸಗೆ ಬರುವ ಮುನ್ನ ಕೆಲವರಿಗೆ ಔಷಧವನ್ನು ಪುನಃ ಹಚ್ಚಿಕೊಳ್ಳಲು ಹೇಳುತ್ತಾರೆ. ಔಷಧ ಮುಗಿದು ಯೀಸ್ಟು ಸತ್ತ ಮೇಲೆಯೂ ಮಚ್ಚೆಯ ಬಿಳುಪು ಒಡನೆಯೇ ಹೋಗದು. ಬಣ್ಣವನ್ನು ಹುಟ್ಟಿಸುವ ಕೋಶಗಳು ಚೇತರಿಸಿಕೊಳ್ಳಲು ವಾರಗಳು, ಕೆಲವು ಸಲ ತಿಂಗಳುಗಳು ಬೇಕು. ಔಷಧವೇ ಫಲಿಸಲಿಲ್ಲವೆಂದು ಅನೇಕರು ವೈದ್ಯರನ್ನು ಬದಲಿಸುವುದು ಈ ಅವಧಿಯಲ್ಲಿ. ಕೆರೆದಾಗ ಪುಡಿ ಏಳದಿದ್ದರೆ ರೋಗವು ಹೋಗಿದೆ, ಬಣ್ಣವು ಮಾತ್ರ ಬರಬೇಕಾಗಿದೆ ಎಂದು ತಿಳಿಯಬಹುದು.